ಪುಟ್ಟ ರೂಮಲ್ಲಿ ಬೇಸ್ ಗುಂಯ್ ಅನ್ನುತ್ತೆ, ಹಳೇ ಸ್ಪೀಕರ್ ಇಟ್ಟು ಹೀರಿಸಬಹುದಾ?

ಸಬ್ಬಕ್ಕಿ:
ರೂಮು 12 x 10 ಅಡಿ, ಸೀಲಿಂಗೂ 10 ಅಡಿ. ಬೇಸ್ ಗಿಟಾರ್ ಕೆಳಗಡೆ ಎಫ್ ಶಾರ್ಪ್ ಹತ್ರ ಬಂದ್ರೆ ಸಾಕು, ಗುಂಯ್ ಅಂತ ಹಿಡ್ಕೊಂಡ್ರೆ ಬಿಡೋದೇ ಇಲ್ಲ. ಗೋಡೆಗೆ 2 ಇಂಚು ಫೋಮ್ ಅಂಟಿಸಿದೀನಿ, ಏನೂ ಪ್ರಯೋಜನ ಆಗಿಲ್ಲ. ಕಾರಿಂದ ಬಿಚ್ಚಿದ 12 ಇಂಚಿನ ಸಬ್ (ಬೇಸ್ ಮಾತ್ರ ನುಡಿಸೋ ಸ್ಪೀಕರ್) ಒಂದು ಬಾಕ್ಸ್ ಸಮೇತ ಬಿದ್ದಿದೆ, ಅದರ ಎರಡೂ ವೈರ್ ಶಾರ್ಟ್ ಮಾಡಿ ಮೂಲೇಲಿಟ್ರೆ ಬೇಸ್ ಹೀರ್ಕೊಳುತ್ತೆ ಅಂತಾರಲ್ಲ, ನಿಜಾನಾ?

ತಗಡುಡಬ್ಬ:
ಅರ್ಧ ನಿಜ ಗುರು. 12 ಅಡಿ ಉದ್ದಕ್ಕೆ ಮೊದಲನೇ ಮೋಡ್, ಅಂದ್ರೆ ಎದುರುಬದುರು ಗೋಡೆ ಮಧ್ಯೆ ಸದ್ದು ತಾನೇ ಗುಂಯ್ಗುಟ್ಟಿ ನಿಲ್ಲೋ ಫ್ರೀಕ್ವೆನ್ಸಿ, ಸುಮಾರು 47 ಹರ್ಟ್ಸ್, ನಿಮ್ಮ ಎಫ್ ಶಾರ್ಪ್ 46, ಅದಕ್ಕೇ ಅಲ್ಲೇ ಗುಂಯ್ ಅನ್ನೋದು. ಆ ಅಲೆ 7 ಮೀಟರ್ ಮೇಲಿದೆ, 2 ಇಂಚು ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಶಾರ್ಟ್ ಮಾಡಿದ ಸ್ಪೀಕರಲ್ಲಿ ಗಾಳಿ ಕೋನನ್ನ (ಮುಂದೆ ಅಲ್ಲಾಡೋ ಪರದೆ) ತಳ್ಳುತ್ತೆ, ಕಾಯಿಲಲ್ಲಿ ಕರೆಂಟ್ ಹುಟ್ಟಿ ಬಿಸಿಯಾಗಿ ಹೋಗುತ್ತೆ. ಆದ್ರೆ ಮ್ಯಾಗ್ನೆಟ್ ದೊಡ್ಡದಿದ್ರೆ ಪೂರ್ತಿ ಶಾರ್ಟ್ ಮಾಡಿದಾಗ ಬ್ರೇಕ್ ಜಾಸ್ತಿಯಾಗಿ ಕೋನ್ ಅಲ್ಲಾಡೋದೇ ಇಲ್ಲ, ಮಧ್ಯ ಒಂದು ರೆಸಿಸ್ಟರ್ ಹಾಕಿ ಬದಲಾಯಿಸ್ತಾ ನೋಡ್ಬೇಕು. ಬಾಕ್ಸ್ ಸೀಲ್ಡ್ ಇರ್ಬೇಕು, ಅದರ ರೆಸೊನೆನ್ಸೂ (ಕೋನ್ ಸುಲಭವಾಗಿ ಅಲ್ಲಾಡೋ ಫ್ರೀಕ್ವೆನ್ಸಿ) 47ರ ಹತ್ರ ಬರ್ಬೇಕು. ಇಷ್ಟೆಲ್ಲಾ ಮಾಡಿದ್ರೂ ಒಂದೇ ಸ್ಪೀಕರಿಂದ ಸಿಗೋದು ಸ್ವಲ್ಪವೇ.

ಸಬ್ಬಕ್ಕಿ:
ಹಾಗಾದ್ರೆ ಅದಕ್ಕೆ ಆಂಪ್ ಕೊಟ್ರೆ? ಡಿಎಸ್‌ಪಿ (ಸಿಗ್ನಲ್‌ನ ಡಿಲೇ, ಲೆವೆಲ್ ಎಲ್ಲಾ ಬದಲಾಯಿಸೋ ಡಬ್ಬ) ಇದೆ.

ತಗಡುಡಬ್ಬ:
ಅದನ್ನ ಮೊದಲೇ ಹೇಳೋದಲ್ವಾ ಮಾರಾಯ್ರೆ! ಈಗ ಬಾರಿಸ್ತಿರೋ ಸಬ್ ಮುಂದಿನ ಗೋಡೆಗೆ, ಇದು ಹಿಂದಿನ ಗೋಡೆಗೆ. ಹಿಂದಿನದಕ್ಕೆ ಅದೇ ಸಿಗ್ನಲ್ಲು, ಪೊಲಾರಿಟಿ ಉಲ್ಟಾ (ಪ್ಲಸ್ ಮೈನಸ್ ಅದಲುಬದಲು), ಡಿಲೇ 10.6 ಮಿಲಿಸೆಕೆಂಡ್. ಸದ್ದು 12 ಅಡಿ ದಾಟೋಕೆ ಅಷ್ಟೇ ಹೊತ್ತು ಬೇಕು, ಅಲೆ ಬಂದು ಒತ್ತೋ ಹೊತ್ತಿಗೆ ಸರಿಯಾಗಿ ಕೋನ್ ಹಿಂದಕ್ಕೆ ಸರಿಯುತ್ತೆ, ವಾಪಸ್ ಬರೋಕೆ ಅಲೇನೇ ಉಳಿಯಲ್ಲ. ಡಬಲ್ ಬೇಸ್ ಅರೇ ಅಂತಾರಲ್ಲ, ಅದರ ಬಡವರ ಆವೃತ್ತಿ. ಹಿಂದಿನದರ ಲೆವೆಲ್ ಒಂದೆರಡು ಡಿಬಿ ಕಮ್ಮಿಯಿಂದ ಶುರು ಮಾಡಿ.

ಎರಡೂ ಸಬ್ ನೆಲದ ಮೇಲೆ ಬೇಡ, ಸ್ಟೂಲ್ ಹಾಕಿ ಗೋಡೆಯ ನಟ್ಟನಡುವೆ 5 ಅಡಿ ಎತ್ತರಕ್ಕೆ ಏರಿಸಿ. ನಿಮ್ಮಲ್ಲಿ ಅಗಲ ಎತ್ತರ ಎರಡೂ 10 ಅಡಿ, 56 ಹರ್ಟ್ಸಲ್ಲಿ ಎರಡು ಮೋಡ್ ಒಂದರ ಮೇಲೊಂದು ಕೂತಿರುತ್ತೆ, ನಡುವಿಂದ ಹೊಡೆದ್ರೆ ಅವು ಏಳಲ್ಲ. ಲೋ ಪಾಸ್ 80, ಅಂದ್ರೆ 80 ಹರ್ಟ್ಸ್ ಮೇಲಿನದು ಸಬ್‌ಗೆ ಹೋಗೋದು ಬೇಡ.

ಮೂಲೆಮನೆ:
ಈಕ್ಯೂಲಿ (ಈಕ್ವಲೈಸರ್) 47 ಹರ್ಟ್ಸ್ ಒಂದನ್ನೇ ಇಳಿಸಿದ್ರೆ ಮುಗೀತಲ್ವಾ?

ತಗಡುಡಬ್ಬ:
ಕೂರೋ ಕುರ್ಚಿ ಒಂದೇ ಆದ್ರೆ ಸಾಕು. ರೂಮಿನ ನಡುವೆ ಅದೇ 47 ಕೇಳಿಸೋದೇ ಇಲ್ಲ, ಇಳಿಸಿದ್ರೆ ಅಲ್ಲಿ ಇನ್ನೂ ಹೋಯ್ತು.

ಸಬ್ಬಕ್ಕಿ:
ಏರಿಸಿ ಹಾಕಿದೆ. ವಾಟರ್‌ಫಾಲ್ ಗ್ರಾಫಲ್ಲಿ (ಯಾವ ಫ್ರೀಕ್ವೆನ್ಸಿ ಎಷ್ಟು ಹೊತ್ತು ಉಳಿಯುತ್ತೆ ಅಂತ ತೋರಿಸುತ್ತಲ್ಲ) 47ರ ಬಾಲ ಮೊಟಕಾಗಿದೆ, ಆದ್ರೆ ಬೇಸೇ ಕಮ್ಮಿ ಆದಂಗಿದೆ?

ತಗಡುಡಬ್ಬ:
ರೂಮು ಪುಕ್ಕಟೆ ಕೊಡ್ತಿದ್ದ ಬೇಸ್ ಹೋಯ್ತು ಅಷ್ಟೇ. ಎರಡೂ ಸಬ್‌ನ ಲೆವೆಲ್ ಒಟ್ಟಿಗೆ ಏರಿಸಿ, ಹಿಂದಿನದೊಂದನ್ನೇ ಏರಿಸ್ಬೇಡಿ.