ಕಡಿಮೆ ಓಡುವ ಕಾರಿಗೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕೇ?

ಪ್ರಶ್ನೆ

ನನ್ನದು ಒಂಬತ್ತು ವರ್ಷದ ಪೆಟ್ರೋಲ್ ಕಾರು. ಮೊದಲು ಅಪ್ಪ ಓಡಿಸುತ್ತಿದ್ದರು. ಕಣ್ಣಿನ ತೊಂದರೆಯಿಂದ ಅವರು ಸ್ಟಿಯರಿಂಗ್ ಬಿಟ್ಟ ಮೇಲೆ, ಎರಡು ವರ್ಷದಿಂದ ಅದು ನನ್ನ ಕೈಯಲ್ಲಿದೆ. ಕೆಲಸಕ್ಕೆ ಹೋಗಲು ಮೂರು ಕಿಲೋಮೀಟರ್, ಬರಲು ಮೂರು. ವರ್ಷವಿಡೀ ಸೇರಿಸಿದರೂ 3,000 ದಾಟುವುದಿಲ್ಲ. ಕೈಪಿಡಿಯಲ್ಲಿ ‘10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು’ ಎಂದಿದೆ. ಇನ್ನೂ 6,000 ಕೂಡ ಆಗಿಲ್ಲವಲ್ಲ ಎಂದು ಎರಡು ವರ್ಷವೂ ಎಂಜಿನ್ ಆಯಿಲ್ ಬದಲಿಸಲಿಲ್ಲ. ಇದು ತಪ್ಪೇ?

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಹೋದ ವಾರ ನಾಲ್ಕು ಜನರನ್ನು ಕೂರಿಸಿಕೊಂಡು ಉದ್ದನೆಯ ಇಳಿಜಾರಿನಲ್ಲಿ ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಎಂದಿಗಿಂತ ಕೆಳಕ್ಕೆ ಇಳಿಯತೊಡಗಿತು. ಕಾರು ನಿಂತಿತು, ಆದರೆ ನನ್ನ ಕೈ ನಡುಗುತ್ತಿತ್ತು. ಅರ್ಧ ಗಂಟೆ ನಿಲ್ಲಿಸಿ ಮತ್ತೆ ಒತ್ತಿದಾಗ ಪೆಡಲ್ ಮೊದಲಿನಂತೆಯೇ ಗಟ್ಟಿಯಾಗಿತ್ತು. ಅಪ್ಪ ಕಾರಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟಿದ್ದಾರೆ, ಮಾಡಿಸಿದ ಪ್ರತಿ ಕೆಲಸಕ್ಕೂ ದಿನಾಂಕ ಬರೆದಿದ್ದಾರೆ. ಅದರಲ್ಲಿ ಬ್ರೇಕ್ ಆಯಿಲ್ ಎಂಬ ಕೊನೆಯ ನಮೂದು ನಾಲ್ಕು ವರ್ಷ ಹಳೆಯದು.

ಉತ್ತರ 1

ಆಯಿಲ್ ಈ ವಾರವೇ ಬದಲಿಸಿ, ಫಿಲ್ಟರ್ ಸಮೇತ. ಮೂರು ಕಿಲೋಮೀಟರಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ದೂರದ ಓಟಕ್ಕಿಂತ ಇಂಥ ಓಟವೇ ಆಯಿಲ್‌ಗೆ ಹೆಚ್ಚು ಕಷ್ಟ.

ಉತ್ತರ 2

ನಾನು 26 ವರ್ಷ ಗ್ಯಾರೇಜಿನಲ್ಲಿ ದುಡಿದವನು. ಮೊದಲು ಬ್ರೇಕಿನ ಮಾತು, ಏಕೆಂದರೆ ಅದು ಕಾಯುವಂಥದ್ದಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಕಾರು ಓಡಲಿ, ಬಿಡಲಿ, ಹೀರುತ್ತಲೇ ಇರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ನಾಲ್ಕು ಪ್ರತಿಶತಕ್ಕೆ ಹತ್ತಿರ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿದರೆ ಆ ಶಾಖ ಆಯಿಲ್‌ಗೂ ಏರಿ ಒಳಗೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಪಾದದ ಬಲವೆಲ್ಲ ಗುಳ್ಳೆಗಳನ್ನು ಹಿಸುಕುವುದಕ್ಕೇ ಖರ್ಚಾಗುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ನೀವು ಹೇಳಿದ್ದು ಅಕ್ಷರಶಃ ಇದೇ.

ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದೆ ಜಾರಿದ್ದರೆ, ಪ್ಯಾಡ್‌ಗಳು ಕಾದು ಹಿಡಿತ ಕಳೆದುಕೊಂಡವು ಎನ್ನುತ್ತಿದ್ದೆ. ನಿಂತಲ್ಲೇ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕುಸಿಯುತ್ತಾ ಹೋದರೆ ಸೋರಿಕೆ ಅಥವಾ ಪೆಡಲಿನ ಬಲವನ್ನು ಬ್ರೇಕ್ ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ದೋಷ. ಈ ಮೂರನ್ನೂ ಬೇರೆ ಬೇರೆಯಾಗಿ ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ನಾಲ್ಕೂ ಚಕ್ರಗಳಿಂದ ಹಳೆಯ ಬ್ರೇಕ್ ಆಯಿಲ್ ಹೊರತೆಗೆದು ಹೊಸದು ತುಂಬಿಸಿ. ಬರೀ ಕಾರಿನ ಬ್ರೇಕ್ ಆಯಿಲ್ ಟ್ಯಾಂಕಿಗೆ ಮೇಲಿನಿಂದ ಸುರಿಸಿಕೊಂಡು ಬರಬೇಡಿ. ಆ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ, ಸೀಲ್ ಒಡೆಯದ ಡಬ್ಬಿಯಿಂದಲೇ ಹಾಕಿಸಿ. ಮುಂದೆ ಎರಡು ವರ್ಷಕ್ಕೊಮ್ಮೆ. ಈಗ ಬದಲಿಸುವವರೆಗೆ ದಯವಿಟ್ಟು ಆ ಇಳಿಜಾರಿಗೆ ಹೋಗಬೇಡಿ. ಮುಂದೆ ಹೋದಾಗಲೂ ಕೆಳಗಿನ ಗೇರಿನಲ್ಲಿ ಇಳಿಯಿರಿ, ಭಾರವನ್ನು ಎಂಜಿನ್ ಹಿಡಿದುಕೊಳ್ಳಲಿ.

ಇನ್ನು ಎಂಜಿನ್ ಆಯಿಲ್. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಎಂಜಿನ್ನಿನ ಕೆಳಭಾಗಕ್ಕೂ ನುಸುಳುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಹೋಗುತ್ತದೆ, ನಿಮ್ಮ ಮೂರು ಕಿಲೋಮೀಟರಿನಲ್ಲಿ ಒಳಗೇ ಉಳಿಯುತ್ತದೆ. ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಬದಿ ನೋಡಿ. ಬಿಳಿ ಅಥವಾ ತೆಳು ಹಳದಿ ಕೆನೆಯಂಥದ್ದು ಅಂಟಿದ್ದರೆ ಗಾಬರಿಯಾಗಬೇಡಿ, ಸಣ್ಣ ಓಟದ ಕಾರುಗಳಲ್ಲಿ ಅದು ಸಾಮಾನ್ಯ. ಆದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲೂ ಆಯಿಲ್ ಹಾಲು ಬೆರೆತಂತೆ ಕಂಡು, ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ, ಅದು ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಕಾರನ್ನು ಓಡಿಸದೆ ತೋರಿಸಿ. ವಾರಕ್ಕೊಮ್ಮೆ ನಲವತ್ತು ನಿಮಿಷ ಬಿಡದೆ ಓಡಿಸಿದರೆ ಆಯಿಲ್‌ಗೂ ಒಳ್ಳೆಯದು, ಬ್ಯಾಟರಿಗೂ ಒಳ್ಳೆಯದು.

ಉತ್ತರ 3

ಟೈರುಗಳ ವಯಸ್ಸನ್ನೂ ನೋಡಿ. ನಿಮ್ಮ ಓಟಕ್ಕೆ ಅವು ಸವೆದಿರುವುದಿಲ್ಲ, ಹಾಗಾಗಿ ಹೊಸದರಂತೆ ಕಾಣುತ್ತವೆ, ಆದರೆ ರಬ್ಬರು ಕೂತಲ್ಲೇ ಮುಪ್ಪಾಗುತ್ತದೆ. ಟೈರಿನ ಬದಿಯಲ್ಲಿ DOT ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆಗಳನ್ನು ಓದಿ. 3518 ಎಂದಿದ್ದರೆ 2018ರ 35ನೇ ವಾರದಲ್ಲಿ ತಯಾರಾದದ್ದು. ಎಷ್ಟೋ ಟೈರುಗಳಲ್ಲಿ ಈ ಅಂಕೆಗಳು ಒಂದೇ ಬದಿಯಲ್ಲಿರುತ್ತವೆ, ಕಾಣದಿದ್ದರೆ ಒಳಬದಿಗೆ ಬಗ್ಗಿ ನೋಡಬೇಕು. ಗಾಳಿಯ ಒತ್ತಡವನ್ನು ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಂತೆ, ಟೈರು ತಣ್ಣಗಿರುವಾಗ ಹಿಡಿಯಿರಿ. ಟೈರಿನ ಮೇಲೆಯೇ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. ಸ್ಟೆಪ್ನಿಯನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ನಿನ್ನೆ ಗ್ಯಾರೇಜಿನಲ್ಲಿ ಮೂರು ಗಂಟೆ ಪಕ್ಕದಲ್ಲೇ ನಿಂತು ನೋಡಿದೆ. ಬ್ರೇಕ್ ಆಯಿಲ್‌ನಲ್ಲಿ ಪರೀಕ್ಷಾ ಕಡ್ಡಿ ಅದ್ದಿದ ತಕ್ಷಣ ಕೆಂಪು ದೀಪ ಹತ್ತಿತು. ಚಕ್ರದ ಬಳಿಯ ಕೊಳವೆಯಿಂದ ಕಡುಕಂದು ದ್ರವ ಹರಿದು ಬಂದು, ಕೊನೆಗೆ ಹೊಸದರ ತಿಳಿ ಬಣ್ಣ ಕಾಣಿಸಿದಾಗ ನನಗೆ ಉಸಿರು ಬಂದಂತಾಯಿತು. ಎಂಜಿನ್ ಆಯಿಲ್, ಫಿಲ್ಟರ್ ಎರಡೂ ಬದಲಾದವು. ಮುಚ್ಚಳದ ಒಳಗೆ ಆ ಕೆನೆ ಇತ್ತು, ಡಿಪ್‌ಸ್ಟಿಕ್ಕಿನಲ್ಲಿ ಇರಲಿಲ್ಲ. ರಾತ್ರಿಯಿಡೀ ನಿಂತಿದ್ದ ಬ್ಯಾಟರಿ 12.3 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ್ದರೆ 12.6 ಇರಬೇಕಿತ್ತಂತೆ. ಸ್ಟೆಪ್ನಿಯ ಅಂಕೆ 4416, ಅಂದರೆ ಕಾರಿನಷ್ಟೇ ಹಳೆಯದು. ಅದರಲ್ಲಿ ಗಾಳಿಯೂ ಇರಲಿಲ್ಲ. ಅದನ್ನು ನಂಬಿಕೊಂಡು ನಾಲ್ಕು ಜನರನ್ನು ಕರೆದುಕೊಂಡು ಹೋಗಿದ್ದೆ.

ಸಂಜೆ ಅಪ್ಪನ ಪಕ್ಕ ಕುಳಿತು ಅವರ ಪುಸ್ತಕದಲ್ಲಿ ನನ್ನ ಮೊದಲ ಸಾಲು ಬರೆದೆ. ದಿನಾಂಕ, ಕಿಲೋಮೀಟರ್, ಆಯಿಲ್‌ನ ದರ್ಜೆ, ಒಂದೊಂದನ್ನೂ ಅವರೇ ಹೇಳಿ ಬರೆಸಿದರು. ಆಮೇಲೆ, ‘ಕೂಲಂಟ್ ನೋಡಿದೆಯಾ?’ ಎಂದರು. ನೋಡಿರಲಿಲ್ಲ. ಟಾರ್ಚ್ ಹಿಡಿದು ಹೋದರೆ ಮಟ್ಟ ಕೆಳಗೆರೆಗೆ ಬಂದು ನಿಂತಿತ್ತು. ಮನೆಯ ನಲ್ಲಿ ನೀರು ಹಾಕಬಹುದೇ?

ಉತ್ತರ 2ರವರು ಮತ್ತೆ

ಬೇಡ. ನಲ್ಲಿ ನೀರಿನ ಲವಣಗಳು ಒಳಗೆ ಪದರ ಕಟ್ಟುತ್ತವೆ. ಕೈಪಿಡಿ ಹೇಳುವ ಬಗೆಯ, ಮೊದಲೇ ನೀರು ಬೆರೆಸಿದ ಕೂಲಂಟ್ ತನ್ನಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮೇಲಿನ ಗೆರೆಯವರೆಗೆ ತುಂಬಿ. ಬಿಸಿ ಇರುವಾಗ ಆ ಮುಚ್ಚಳ ಮುಟ್ಟಲೇಬೇಡಿ, ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ತುಂಬಿದ ದಿನವನ್ನು ಪುಸ್ತಕದಲ್ಲಿ ಬರೆದು, ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ನೋಡಿ. ಮಟ್ಟ ಇಳಿದಿದ್ದರೆ ಇಲ್ಲಿ ಬರೆಯಿರಿ, ಎಲ್ಲಿ ಸೋರುತ್ತಿದೆ ಎಂದು ಹುಡುಕೋಣ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.