ಅಪ್‌ಡೇಟ್: ಯಂತ್ರದ ಗೂಳಿಯ ಸಿನಿಮಾ ಸಿಕ್ಕಿತು

ಬಾರ್‌ನಲ್ಲಿರೋ ಯಂತ್ರದ ಗೂಳಿ (ಮೇಲೆ ಕೂತವರನ್ನ ಕುಲುಕಿ ಬೀಳಿಸೋ ಯಂತ್ರ) ಹತ್ತೋ ವಿಚಾರಕ್ಕೆ ಹೊಸ ಜೋಡಿ ದೂರವಾಗೋ ಸಿನಿಮಾ ಯಾವುದು ಅಂತ ಹೋದ ವಾರ ಕೇಳಿದ್ದೆ. ಅದು 1980ರ ‘ಅರ್ಬನ್ ಕೌಬಾಯ್’. ಗಂಡ ಬಡ್ ಆಗಿ ಜಾನ್ ಟ್ರವೋಲ್ಟಾ, ಹೆಂಡತಿ ಸಿಸ್ಸಿ ಆಗಿ ಡೆಬ್ರಾ ವಿಂಗರ್.

ಉತ್ತರವಾಗಿ ಬಂದಿದ್ದ ‘ಪ್ಯೂರ್ ಕಂಟ್ರಿ’ ಅನ್ನೋ ಸಿನಿಮಾ ಹೊಂದಲಿಲ್ಲ, ಅದು 1992ರದು, ಗಾಯಕನ ಕಥೆ. ‘ಗೂಳಿ ಜೊತೆಗೆ ಟೆಕ್ಸಾಸ್ ಅಂತಲೂ ಸೇರಿಸಿ ಹುಡುಕಿ’ ಅಂದವರ ಸಲಹೆಯಿಂದಲೇ ಸಿಕ್ಕಿದ್ದು, ತುಂಬಾ ಥ್ಯಾಂಕ್ಸ್.

ಬೇಡ ಅಂದ ಗಂಡನಿಗೆ ತಿಳಿಯದ ಹಾಗೆ ಸಿಸ್ಸಿ ಗೂಳಿ ಸವಾರಿ ಕಲೀತಾಳೆ. ಆಮೇಲೆ ಅವನೆದುರೇ ಅವನಿಗಿಂತ ಚೆನ್ನಾಗಿ ಕೂತು ತೋರಿಸ್ತಾಳೆ. ಬಡ್‌ನ ಮುಖ ಬಿಗಿಯೋದು ಅಲ್ಲೇ. ಇಡೀ ಚಿತ್ರದ ಜೀವ ಆ ದೃಶ್ಯ.

ಗೊತ್ತಿರದ ಸಂಗತಿ: ಸಿನಿಮಾದಲ್ಲಿ ಬರೋ ಗಿಲ್ಲೀಸ್ ಬಾರ್ ಟೆಕ್ಸಾಸ್‌ನ ಪ್ಯಾಸಡೀನಾ ಊರಲ್ಲಿ ನಿಜವಾಗಿಯೂ ಇತ್ತು. ಆರನ್ ಲೇಥಮ್ 1978ರಲ್ಲಿ ‘ಎಸ್ಕ್ವಾಯರ್’ ಪತ್ರಿಕೆಗೆ ಬರೆದ ಲೇಖನವೇ ಚಿತ್ರಕ್ಕೆ ಮೂಲ.