ಶೌಚಾಲಯದ ಅಂಜಿಕೆಗೆ ನೀರು ಕುಡಿಯುವುದನ್ನೇ ಬಿಡಬೇಕೇ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನಾನು ಕೆಲಸಕ್ಕಾಗಿ ಚಿತ್ರದುರ್ಗದಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ. ಸಾರ್ವಜನಿಕ ಶೌಚಾಲಯದಿಂದ ಸೋಂಕು ತಗುಲೀತೆಂದು ಅಂಜಿ, ಬೆಳಿಗ್ಗೆ ಮನೆ ಬಿಟ್ಟವಳು ಸಂಜೆ ಮರಳುವವರೆಗೆ ನೀರನ್ನೇ ಕುಡಿಯುವುದಿಲ್ಲ. ಆದರೂ ಈ ವರ್ಷ ಎರಡು ಬಾರಿ ಉರಿಮೂತ್ರವಾಯಿತು. ತಡೆಯಲಾಗದೆ ಹೋದಾಗ ಕಮೋಡಿಗೆ ಮೈ ತಾಗದಂತೆ ಅರೆಬಗ್ಗಿ ನಿಲ್ಲುತ್ತೇನೆ. ಇನ್ನೇನು ಎಚ್ಚರ ವಹಿಸಲಿ?

ಉತ್ತರ: ನಮಸ್ಕಾರ. ನೀವು ‘ಆದರೂ’ ಎಂದು ಬರೆದ ಕಡೆ ನಾನಾದರೆ ‘ಆದ್ದರಿಂದಲೇ’ ಎಂದು ಬರೆಯುತ್ತಿದ್ದೆ. ಮೂತ್ರನಾಳದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ-ಕೋಲೈ ಬ್ಯಾಕ್ಟೀರಿಯಾ ನಮ್ಮದೇ ಕರುಳಿನಲ್ಲಿ ಇರುವಂಥದ್ದು. ನೀರು ಕುಡಿಯದೆ, ಮೂತ್ರವನ್ನು ಗಂಟೆಗಟ್ಟಲೆ ತಡೆದಾಗ, ಹರಿದು ಹೊರಹೋಗಬೇಕಾದ ಆ ಬ್ಯಾಕ್ಟೀರಿಯಾ ಮೂತ್ರಕೋಶದಲ್ಲಿಯೇ ಉಳಿದು ಬೆಳೆಯುತ್ತದೆ. ಕಮೋಡಿನ ಸೀಟಿನಿಂದ ಈ ಸೋಂಕು ಬರುವುದು ತೀರಾ ಅಪರೂಪ. ಅರೆಬಗ್ಗಿ ನಿಂತರೆ ಸ್ನಾಯುಗಳು ಸಡಿಲಗೊಳ್ಳದೆ ಮೂತ್ರಕೋಶ ಪೂರ್ತಿ ಬರಿದಾಗದಿರಬಹುದು. ಸೀಟನ್ನು ಒರೆಸಿ ಕುಳಿತುಕೊಳ್ಳಿ. ಇಂಡಿಯನ್ ಶೌಚಾಲಯವಿದ್ದರೆ ಈ ಚಿಂತೆಯೇ ಇಲ್ಲ, ಸೀರೆಯ ಅಂಚನ್ನೋ ಪ್ಯಾಂಟಿನ ತುದಿಯನ್ನೋ ಮೇಲೆತ್ತಿ ಸಿಕ್ಕಿಸಿಕೊಂಡರೆ ಸಾಕು.

ನಿಜವಾಗಿ ಎಚ್ಚರ ಬೇಕಾದದ್ದು ಕೈಗಳ ಬಗ್ಗೆ. ಚಿಲಕ, ನಲ್ಲಿ, ಮಗ್ಗಿನ ಹಿಡಿ, ಇವನ್ನು ನಿಮಗಿಂತ ಮೊದಲು ಎಷ್ಟೋ ಜನ ಮುಟ್ಟಿರುತ್ತಾರೆ. ಬಕೆಟ್ಟಿನಲ್ಲಿ ನಿಂತ ನೀರನ್ನು ಚೆಲ್ಲಿ ನಲ್ಲಿಯಿಂದ ಹೊಸದಾಗಿ ಹಿಡಿದುಕೊಳ್ಳಿ. ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಅಲ್ಲಿ ಸೋಪು ಇರುವುದಿಲ್ಲವೆಂದೇ ಭಾವಿಸಿ ಬ್ಯಾಗಿನಲ್ಲಿ ಪೇಪರ್ ಸೋಪ್ ಇಟ್ಟುಕೊಂಡು, ಕನಿಷ್ಠ 20 ಸೆಕೆಂಡು ಕೈ ಉಜ್ಜಿ ತೊಳೆಯಿರಿ. ಕೈಗೆ ಕೊಳೆ ಅಂಟಿದ್ದರೆ ಸ್ಯಾನಿಟೈಸರ್ ಸಾಲದು.

ಬಸ್ಸು ಭರಮಸಾಗರ ದಾಟುವುದರೊಳಗೆ ಅವಸರವಾದೀತೆಂಬ ಭಯವಿದ್ದರೆ ಹೊರಡುವ ಮುನ್ನ ಸ್ವಲ್ಪವೇ ಕುಡಿದು, ಕಚೇರಿ ತಲುಪಿದ ಮೇಲೆ ಚೆನ್ನಾಗಿ ಕುಡಿಯಿರಿ. ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ.

ಮತ್ತೊಬ್ಬ ಮಹಿಳೆಯ ಪ್ರಶ್ನೆ: ಮೇಡಂ, ಎಷ್ಟೋ ಕಡೆ ಚಿಲಕವೂ ಇರುವುದಿಲ್ಲ, ಬಲ್ಬೂ ಇರುವುದಿಲ್ಲ. ಹತ್ತು ವರ್ಷದ ಮಗಳನ್ನು ಒಬ್ಬಳನ್ನೇ ಹೇಗೆ ಕಳಿಸಲಿ?

ಉತ್ತರ: ಕಳಿಸಬೇಡಿ, ಬಾಗಿಲನ್ನು ಹೊರಗಿನಿಂದ ಹಿಡಿದು ನಿಂತು, ಅವಳೊಂದಿಗೆ ಮಾತನಾಡುತ್ತಿರಿ. ಒದ್ದೆ ನೆಲದಲ್ಲಿ ಜಾರದ ಚಪ್ಪಲಿ ಇರಲಿ. ಯಾರಾದರೂ ಇಣುಕಿದಂತೆ ಅಥವಾ ಮೊಬೈಲ್ ಇಟ್ಟಂತೆ ಕಂಡರೆ ಕೂಡಲೇ ಹೊರಬಂದು 112ಕ್ಕೆ ಕರೆ ಮಾಡಿ.

ಮೊದಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ಮತ್ತೆ ಉರಿ ಬಂದರೆ ಹಿಂದಿನ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ಕೊಳ್ಳಬೇಡಿ, ಮೊದಲು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ (ಯಾವ ಬ್ಯಾಕ್ಟೀರಿಯಾ ಇದೆಯೆಂದು ತಿಳಿಯುವ ಪರೀಕ್ಷೆ) ಕೊಡಿ. ಚಳಿಜ್ವರ, ಪಕ್ಕೆನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.